ಸಣ್ಣ, ಹೃದಯ, ಎತ್ತರ, ಒದ್ದೆ

ಮಂಡಕ್ಕಿ ಭಟ್ಟಿಯ ಹೊಗೆ ನನ್ನ ಅಂಗಡಿಗೂ ಬರುತ್ತದೆ.
ಫ್ಲೆಕ್ಸಿನ ಮೇಲೆ ಯಾರದೋ ಹಲ್ಲು ಬಿಳಿ ಮಾಡುವಷ್ಟರಲ್ಲಿ
ಕೀಬೋರ್ಡಿನ ಮೇಲೆ ತೆಳ್ಳಗೆ ಹೊಟ್ಟಿನ ಮಸಿ.

ಇಪ್ಪತ್ತೆರಡು ವರ್ಷ ಅಕ್ಷರ ಜೋಡಿಸಿದವಳು ನಾನು,
ಲಗ್ನಪತ್ರಿಕೆ, ನಾಮಕರಣ, ಮೂರನೇ ದಿನದ ಶ್ರದ್ಧಾಂಜಲಿ.
ಒತ್ತಕ್ಷರ ಒಂದು ಕೂದಲೆಳೆ ಜಾರಿದರೂ
ಕಣ್ಣಿಗೆ ಮರಳು ಬಿದ್ದಂತೆ.
ಹಾಗಾಗಿ ಖಮರುನ್ನೀಸಾ ಚೀನಾದ ಹುರಿಯುವ ಯಂತ್ರ ತರಿಸಿ
'ಮೈತುಂಬ ಕೋಳಿ ಕೆದರಿದಂಗೆ ಬರದಾರ,
ಓದೋ ಹಂಗೆ ಏನಾರ ಮಾಡಿಕೊಡು' ಅಂದಾಗ
ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಫೋನಿನೊಳಗೆ ಒಂದು ಬಾಟ್ ಕಟ್ಟಿದೆ.
ಫೋಟೊ ಕಳಿಸಿದರೆ ಅಕ್ಷರ ಬಿಡಿಸಿ ಹೇಳುವುದು:
ಇಷ್ಟು ಗೆರೆ, ಹೀಗೆ ಉಚ್ಚಾರ, ಇದು ಅರ್ಥ.
ಒಂದೊಂದಾಗಿ, ರೇಷನ್ ಸಾಲಿನಂತೆ.
ಹೆಮ್ಮೆಗೆ ಹೆಸರೂ ಇಟ್ಟೆ: ಪಂಡಿತಪ್ಪ.

ಸೋಮವಾರ ಮಧ್ಯಾಹ್ನ ಇಮಾಂಬಿ
ಡ್ರಮ್ಮಿನ ಪಕ್ಕದ ಹಳದಿ ಪಟ್ಟಿಯ ಫೋಟೊ ಹೊಡೆದು ಕಳಿಸಿದಳು.
ಹೊಗೆ, ಕೈನಡುಕ, ನಾಲ್ಕು ಅಕ್ಷರ.
ಪಂಡಿತಪ್ಪ ಒಂದಿಷ್ಟೂ ತಡವರಿಸದೆ ಹೇಳಿದ:
ಸಣ್ಣ.
ಹೃದಯ.
ಎತ್ತರ.
ಒದ್ದೆ.

'ಅಯ್ಯ, ಯಂತ್ರಕ್ಕೂ ಪದ್ಯ ಬರದಾರ ನೋಡ್ರಿ' ಎಂದು ನಕ್ಕು
ಸಣ್ಣ ಹೃದಯದ ಆ ಕಬ್ಬಿಣವನ್ನು
ಅಳುವ ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿದಳು,
ಹೇಗೂ ಒದ್ದೆಯಲ್ಲ ಎಂದು,
ಬಲ ಅಂಗೈಯಿಂದ.

ಚಿಗಟೇರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು
ಆ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ನಡುವೆ ಕೊಕ್ಕೆ, ಆಚೀಚೆ ಎರಡು ಕಾಳು: ಸಣ್ಣ.
ಬಾಗಿದ ಸೌಟು, ಚೆಲ್ಲಿದ ಮೂರು ಹನಿ: ಹೃದಯ.
ಎರಡೂ ಒಟ್ಟಿಗೆ ನಿಂತರೆ ಅವರ ಊರಲ್ಲಿ ಅರ್ಥ
ಹುಷಾರು.

ನಮ್ಮಲ್ಲಾದರೂ?
ಹೊಟ್ಟೆಕಿಚ್ಚಿನಲ್ಲಿ ಹೊಟ್ಟೆ ಸುಡುವುದಿಲ್ಲ,
ಕೈಕೊಟ್ಟವನು ಕೊಟ್ಟದ್ದು ಕೈಯಲ್ಲ.
ಇದು ನನಗೆ ಗೊತ್ತಿತ್ತು,
ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಕೊನೆಯದು ಇನ್ನೂ ಕಷ್ಟ.
ಎಡಕ್ಕೆ ಮೂರು ಹನಿ ನೀರು, ಬಲಕ್ಕೆ ಮೇಲೆ ಸೂರ್ಯ,
ಸೂರ್ಯನ ಕೆಳಗೆ ಪಾತ್ರೆ ಇದ್ದರೆ ಅದು ಕಾವು.
ಪಾತ್ರೆಯ ಬದಲು ಪೈರಿನಂಥದ್ದು ಎದ್ದಿದ್ದರೆ ಒದ್ದೆ.
ಪಾತ್ರೆಯ ಬಾಯಂಚನ್ನು ಹೊಗೆ ತಿಂದಿತ್ತು.
ಪಂಡಿತಪ್ಪನಿಗೆ ಪೈರು ಕಂಡಿತು.

ಮೂರು ರಾತ್ರಿ ಷಟರ್ ಅರ್ಧ ಎಳೆದು ಕೂತೆ.
ಮೊದಲು ನಾಲ್ಕನ್ನೂ ಕೂಡಿಸಿ ಹುಡುಕು,
ಸಿಗದಿದ್ದರೆ ಮೂರು, ಆಮೇಲೆ ಜೋಡಿ,
ಎಲ್ಲ ಮುಗಿದ ಮೇಲೆ ಬಿಡಿ.
ಅಣ್ಣತಮ್ಮರಂಥ ಎರಡು ಅಕ್ಷರ ಎದುರಾದರೆ
ಎರಡನ್ನೂ ತೋರಿಸು, ನೋಡುವವರನ್ನೇ ಕೇಳು.
ಇವಿಷ್ಟು ಬೇಗ ಕಲಿಯಿತು.
'ಗೊತ್ತಿಲ್ಲ' ಅನ್ನುವುದನ್ನು ಕಲಿಸಲು ಮಾತ್ರ ಬೆಳಗಾಯಿತು.
ನಮ್ಮ ಓಣಿಯಲ್ಲೂ ಆ ಮಾತು ಬಲ್ಲವರು ಕಡಿಮೆ.
ಪಂಡಿತಪ್ಪ ಎಂಬ ಹೆಸರು ಅಳಿಸಿದೆ.

ಶುಕ್ರವಾರ ಇಮಾಂಬಿ ಬಂದಳು, ಬಲಗೈ ಬಟ್ಟೆಯ ಉಂಡೆ.
ಎಡಗೈಯಿಂದ ಅದೇ ಫೋಟೊ ಕಳಿಸಿದಳು.
ಸೂರ್ಯನ ಕೆಳಗೆ ಪಾತ್ರೆಯೋ, ಪೈರೋ?
ಕೇಳಿತು ಬಾಟ್.
'ಪಾತ್ರಿ. ನನಗೆ ಗೊತ್ತಿಲ್ಲೇನು?'
ಹುಷಾರು, ಬಿಸಿ ಹೆಚ್ಚು.
'ಈಗ ಹೇಳ್ತೈತಿ ಮುದೇವಿ.'

ಮತ್ತೆ ಏನು ಹೊಳೆಯಿತೋ, ತನ್ನ ಹೆಸರನ್ನೇ ಬರೆದು ಕೇಳಿದಳು.
ಗೊತ್ತಿಲ್ಲ.
ತುಂಬ ಹೊತ್ತು ಅದನ್ನೇ ನೋಡಿ
'ಇದು ಚಲೋ ಆತು' ಅಂದಳು.

ಆ ಹಳದಿ ಪಟ್ಟಿಯ ಮೇಲೆ ಕನ್ನಡದ್ದೊಂದು ಅಂಟಿಸೋಣ,
ದಪ್ಪ ಅಕ್ಷರವೋ, ದುಂಡಗಿನದೋ ಎಂದೆ.
'ಭಟ್ಟ್ಯಾಗ ಮೂರು ಮಂದಿಗೆ ಓದಾಕ ಬರಂಗಿಲ್ಲಕ್ಕಾ,
ಒಂದು ಕೈ ಬರಿ.'

ನನಗೆ ಚಿತ್ರ ಬರುವುದಿಲ್ಲ.
ಸ್ಕ್ಯಾನರಿನ ಗಾಜು ಒರೆಸಿ
ಅವಳ ಎಡಗೈಯನ್ನು ಅದರ ಮೇಲೆ ಬೋರಲು ಇಟ್ಟೆ.
ಬೆಳಕಿನ ಗೆರೆ ಮಣಿಕಟ್ಟಿನ ಕಡೆಯಿಂದ ಹೊರಟಾಗ
ಬೆರಳು ತುಸು ಎತ್ತಿ ಕೇಳಿದಳು:
'ಇದು ಸುಡಂಗಿಲ್ಲ ಹೌದಿಲ್ಲ?'